ಬೇಗ ಬೆಳೆಯುವ ಮರ ನೆಟ್ಟರೆ ಪರಿಸರಕ್ಕೆ ನಿಜಕ್ಕೂ ಒಳ್ಳೆಯದಾ? ಗೊತ್ತಿದ್ದವರು ಹೇಳಿ

ಬರಡುನೆಲ:

ಎಲ್ಲರಿಗೂ ನಮಸ್ಕಾರ. ಎರಡು ಎಕರೆ ಖಾಲಿ ನೆಲ ಇದೆ. ಹದಿನೈದು ವರ್ಷದಿಂದ ಉಳುಮೆ ಕಂಡಿಲ್ಲ. ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗಿ ಗಟ್ಟಿ ನೆಲ ಉಳಿದಿದೆ, ಬೇಸಿಗೆಯಲ್ಲಿ ಗುದ್ದಲಿ ಹಾಕಿದರೆ ಠಣ್ ಅನ್ನುತ್ತೆ. ಇದರಿಂದ ಆದಾಯ ಬರಲಿ ಅನ್ನೋ ಆಸೆ ಇಲ್ಲ. ಮಣ್ಣು ನಿಲ್ಲಬೇಕು, ನೆರಳಾಗಬೇಕು, ಹಕ್ಕಿ ಬರಬೇಕು. ನನಗೆ ಈಗ 58, ಹಾಗಾಗಿ ಇದೆಲ್ಲ ಸ್ವಲ್ಪ ಬೇಗ ಆಗಬೇಕು!

ಬೇಗ ಬೆಳೆಯುವ ಜಾತಿ ಹಾಕು, ಇಂಗಾಲ ಜಾಸ್ತಿ ಹೀರುತ್ತೆ, ಐದೇ ವರ್ಷಕ್ಕೆ ಕಾಡಾಗುತ್ತೆ ಅಂತ ಒಬ್ಬ ಸ್ನೇಹಿತ. ಅಂಥ ಮರ ಹಾಕಿದರೆ ಇರೋ ಬರೋ ನೀರನ್ನೂ ಕುಡಿದು ನೆಲ ಸುಡುಗಾಡಾಗುತ್ತೆ ಅಂತ ಇನ್ನೊಬ್ಬ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನೋ ಹಾಗಾಗಿದೆ. ಯಾರ ಮಾತು ಕೇಳಲಿ?

ಲೆಕ್ಕದಪಟ್ಟಿ:

ಮೊದಲು ಲೆಕ್ಕ, ಆಮೇಲೆ ಜಗಳ.

ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಒಂದು ಕಿಲೋ ಇಂಗಾಲ ಮರದೊಳಗೆ ಸೇರಬೇಕಾದರೆ ಗಾಳಿಯಿಂದ 3.67 ಕಿಲೋ ಇಂಗಾಲದ ಡೈಆಕ್ಸೈಡ್ ಹೋಗಿರಬೇಕು (44ನ್ನು 12ರಿಂದ ಭಾಗಿಸಿ, ಶಾಲೆಯಲ್ಲಿ ಓದಿದ ರಸಾಯನಶಾಸ್ತ್ರವೇ). ಬೇಗ ಬೆಳೆಯುವುದರಲ್ಲಿ ಬ್ರೆಜಿಲ್‌ನ ನೀಲಗಿರಿ ತೋಪುಗಳದ್ದು ಎತ್ತಿದ ಕೈ. ಅಲ್ಲಿ ಹೆಕ್ಟೇರಿಗೆ ವರ್ಷಕ್ಕೆ 35 ಘನ ಮೀಟರ್ ಆಸುಪಾಸು ಕಾಂಡ ಬೆಳೆಯುತ್ತೆ. ಘನ ಮೀಟರಿಗೆ ಅರ್ಧ ಟನ್ ಒಣತೂಕ ಅಂತ ಹಿಡಿದರೆ 17.5 ಟನ್. ಅದರಲ್ಲಿ ಅರ್ಧ, ಅಂದರೆ 8.75 ಟನ್ ಇಂಗಾಲ. ಗಾಳಿಯಿಂದ ಹೋದ ಡೈಆಕ್ಸೈಡ್ ಸುಮಾರು 32 ಟನ್. ಕೊಂಬೆ, ಬೇರು ಸೇರಿಸಿಲ್ಲ.

ಇನ್ನು ಲ್ಯಾಟಿನ್ ಅಮೆರಿಕದಲ್ಲಿ ಬೇಸಾಯ ಬಿಟ್ಟ ನೆಲದಲ್ಲಿ ತಾನಾಗಿ ಎದ್ದ ಕಾಡುಗಳನ್ನು ಅಳೆದ ಅಧ್ಯಯನವೊಂದು 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿತ್ತು. ಮೊದಲ 20 ವರ್ಷದಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 3.05 ಟನ್ ಇಂಗಾಲ. ಡೈಆಕ್ಸೈಡ್ ಲೆಕ್ಕದಲ್ಲಿ 11 ಟನ್ ಚಿಲ್ಲರೆ. ನೀಲಗಿರಿ ಇದರ ಹತ್ತಿರ ಹತ್ತಿರ ಮೂರು ಪಟ್ಟು. ನಿಮ್ಮ ಮೊದಲ ಸ್ನೇಹಿತ ಗೆದ್ದರು. ಗುದ್ದಲಿ ಠಣ್ ಅನ್ನೋ ನೆಲದಲ್ಲಿ ಬ್ರೆಜಿಲ್‌ನ ಇಳುವರಿ ಕನಸಲ್ಲೂ ಬರಲ್ಲ, ಅದು ಬೇರೆ ಮಾತು.

ಹಳೇಬೇರು:

ಲೆಕ್ಕದಪಟ್ಟಿಯವರೇ, ಗುಣಾಕಾರ ಸರಿಯಾಗಿದೆ, ಲೆಕ್ಕವನ್ನು ಅರ್ಧಕ್ಕೇ ಬಿಟ್ಟಿದ್ದೀರಿ. ನಾನು ಮೂವತ್ತು ವರ್ಷ ನೆಡುತೋಪುಗಳಲ್ಲೇ ದುಡಿದು ನಿವೃತ್ತನಾದವನು. ನಮ್ಮ ಕೆಲಸದ ಮುಕ್ಕಾಲು ಪಾಲು ನೆಡುವುದಾಗಿರಲಿಲ್ಲ, ಕಡಿಯುವುದಾಗಿತ್ತು.

ಬ್ರೆಜಿಲ್‌ನಲ್ಲಿ ಆ ಮರವನ್ನು ಏಳನೇ ವರ್ಷದ ಹೊತ್ತಿಗೆ ಕಡಿಯುತ್ತಾರೆ. 32ನ್ನು 7ರಿಂದ ಗುಣಿಸಿದರೆ ಸುಮಾರು 225 ಟನ್. ದೊಡ್ಡ ಪಾಲು ಕಾಗದದ ತಿರುಳಿಗೆ ಹೋಗುತ್ತೆ. ಕಾಗದ ಎಷ್ಟು ದಿನ ಕಾಗದವಾಗಿರುತ್ತೆ? ಕೆಲವೇ ವರ್ಷದಲ್ಲಿ ಕೊಳೆತೋ ಸುಟ್ಟೋ ಹೀರಿದ್ದೆಲ್ಲ ಗಾಳಿಗೆ ವಾಪಸ್. ಇತ್ತ ಬೊಡ್ಡೆಯಿಂದ ಕೂಳೆ ಚಿಗುರಿ ಮತ್ತೆ ಸೊನ್ನೆಯಿಂದ ಶುರು. ಸೊನ್ನೆಯಿಂದ 225, ಮತ್ತೆ ಸೊನ್ನೆ, ಮತ್ತೆ 225. ಈ ಏರಿಳಿತದಲ್ಲಿ ಆ ನೆಲದ ಮೇಲೆ ಸರಾಸರಿ ನಿಂತಿರುವುದು 112 ಟನ್ ಆಸುಪಾಸು ಮಾತ್ರ.

ಈಗ ನೀವೇ ಕೊಟ್ಟ ಎರಡನೇ ಅಂಕಿಯನ್ನು 20 ವರ್ಷಕ್ಕೆ ಗುಣಿಸಿ. 224 ಟನ್. ತಾನಾಗಿ ಎದ್ದ ಕಾಡು ನಿಧಾನಕ್ಕೆ ನಡೆದು ಅದೇ ಜಾಗಕ್ಕೆ ಬಂದು ನಿಂತಿದೆ. ಕೊಡಲಿ ಬೀಳದಿದ್ದರೆ ಇನ್ನೂ ಬೆಳೆಯುತ್ತೆ.

ನಲ್ಲಿಯ ರಭಸ ನೋಡಬೇಡಿ, ತೊಟ್ಟಿಯಲ್ಲಿ ಎಷ್ಟು ನಿಂತಿದೆ ನೋಡಿ ಅಂತ ಹೊಸ ಹುಡುಗರಿಗೆ ಹೇಳ್ತಿದ್ದೆ. 2019ರಲ್ಲಿ ನೇಚರ್‌ನಲ್ಲೇ ಒಂದು ವಿಶ್ಲೇಷಣೆ ಬಂತು. ಬಾನ್ ಚಾಲೆಂಜ್ ಅಂತ 2011ರಲ್ಲಿ ಶುರುವಾದ ಜಾಗತಿಕ ಯೋಜನೆಯಡಿ ದೇಶಗಳು ಕಾಡು ಬೆಳೆಸುತ್ತೇವೆ ಅಂತ ಮಾತು ಕೊಟ್ಟ ನೆಲದಲ್ಲಿ 45% ಇಂಥ ವಾಣಿಜ್ಯ ತೋಪುಗಳೇ. ಸಹಜ ಕಾಡನ್ನು ಅದರ ಪಾಡಿಗೆ ಬಿಟ್ಟರೆ ತೋಪಿಗಿಂತ 40 ಪಟ್ಟು ಇಂಗಾಲ ಹಿಡಿದಿಡುತ್ತೆ ಅಂತ ಅವರ ಅಂದಾಜು.

ಲೆಕ್ಕದಪಟ್ಟಿ:

ಸೋತೆ. ಆದರೂ ಒಂದು ತಕರಾರು. ಕಡಿದದ್ದೆಲ್ಲ ಗಾಳಿಗೆ ಹೋಗುತ್ತೆ ಅನ್ನೋದು ಕಾಗದಕ್ಕೆ ಸರಿ. ಅದೇ ಮರ ತೊಲೆಯಾಗಿ, ಬಾಗಿಲಾಗಿ 50 ವರ್ಷ ನಿಂತರೆ? ಸಿಮೆಂಟು ಕಬ್ಬಿಣದ ಬದಲಿಗೆ ಮರ ಬಳಸಿದರೆ ಅಲ್ಲೂ ಉಳಿತಾಯ. ಹತ್ತಿರದಲ್ಲೇ ಸೌದೆ ತೋಪು ಇದ್ದರೆ ಹಳೇ ಕಾಡಿಗೆ ಕೊಡಲಿ ಹಿಡಿದು ಹೋಗುವವರು ಕಡಿಮೆಯಾಗುತ್ತಾರೆ. ಅದನ್ನು ಯಾವ ತೊಟ್ಟಿಗೆ ಸೇರಿಸ್ತೀರಿ?

ಹಳೇಬೇರು:

ಸೇರಿಸಲೇಬೇಕು. ಸೌದೆ ತೋಪಿನ ವಿಷಯ ನಾನೂ ಒಪ್ಪುತ್ತೇನೆ, ಕಣ್ಣಾರೆ ಕಂಡಿದ್ದೇನೆ. ಆದರೆ ಇವರು ಸೌದೆಗೂ ತೊಲೆಗೂ ನೆಡುತ್ತಿಲ್ಲವಲ್ಲ.

ತೊಗಟೆ:

ವೇಗವನ್ನೇ ಬೈಯಬೇಡಿ ಸ್ವಾಮಿ. ಆಸ್ಟ್ರೇಲಿಯಾದ ಮೌಂಟನ್ ಆಶ್ ಕೂಡ ನೀಲಗಿರಿಯ ಕುಲವೇ, ಬಹಳ ಬೇಗ ಬೆಳೆಯುತ್ತೆ. ಅದನ್ನು ಕಡಿಯದೆ ನೂರಾರು ವರ್ಷ ಬಿಟ್ಟರೆ ಏನಾಗುತ್ತೆ? ಟಾಸ್ಮೇನಿಯಾದಲ್ಲಿ ಆ ಜಾತಿಯ ಮರವೊಂದು 100 ಮೀಟರ್ ದಾಟಿದೆ, ಹೂಬಿಡುವ ಗಿಡಮರಗಳಲ್ಲಿ ಅತಿ ಎತ್ತರದವುಗಳಲ್ಲಿ ಅದೂ ಒಂದು. ವಿಕ್ಟೋರಿಯಾದ ಹಳೇ ಮೌಂಟನ್ ಆಶ್ ಕಾಡೊಂದರಲ್ಲಿ ಹೆಕ್ಟೇರಿಗೆ 1,867 ಟನ್ ಇಂಗಾಲ ಇದೆ ಅಂತ 2009ರಲ್ಲಿ ವರದಿಯಾಯಿತು. ಅಷ್ಟು ದಟ್ಟ ಇಂಗಾಲ ಬೇರೆ ಯಾವ ಕಾಡಲ್ಲೂ ಅಲ್ಲಿಯವರೆಗೆ ಅಳೆದಿರಲಿಲ್ಲ. ಬೇಗ ಬೆಳೆಯುವುದು ಮರದ ತಪ್ಪಲ್ಲ. ಬೇಗ ಕಡಿಯುವವರು ಯಾರು?

ಹಳೇಬೇರು:

ಭಲೇ. ಇದನ್ನು ನಾನೇ ಹೇಳಬೇಕಿತ್ತು. ಒಂದು ಮಾತು ಸೇರಿಸುತ್ತೇನೆ: ಅದು ಅಪವಾದ. ಎರಡು ಲಕ್ಷಕ್ಕೂ ಹೆಚ್ಚು ಮರಗಳ ಉಂಗುರ ಎಣಿಸಿ 2020ರಲ್ಲಿ ನೋಡಿದಾಗ, ಎಳೆಯದರಲ್ಲಿ ದೌಡಾಯಿಸಿ ಬೆಳೆದ ಮರಗಳು ಸಾಮಾನ್ಯವಾಗಿ ಬೇಗ ಸಾಯುತ್ತವೆ ಅಂತ ಕಂಡುಬಂತು. ಒಂದೇ ಜಾತಿಯೊಳಗೂ ಅಷ್ಟೆ.

ಒರತೆ:

ನೀರಿನ ವಿಷಯ ನಾನು ಹೇಳ್ತೀನಿ, ಅದೇ ನಾನು ಓದಿದ್ದು. ಉದ್ದ ಆಗುತ್ತೆ, ಬೇಜಾರಾಗಬೇಡಿ.

ನಿಮ್ಮ ಎರಡನೇ ಸ್ನೇಹಿತರು ಸುಮ್ಮನೆ ಹೆದರಿಸಿಲ್ಲ. ಹುಲ್ಲುಗಾವಲು, ಕುರುಚಲು, ಹೊಲ ಇದ್ದ ಕಡೆ ತೋಪು ಎಬ್ಬಿಸಿದಾಗ ಹೊಳೆಗಳಿಗೆ ಏನಾಯಿತು ಅನ್ನೋ ಅಳತೆಗಳನ್ನು ಜಗತ್ತಿನ ಬೇರೆಬೇರೆ ಕಡೆಯಿಂದ ಒಟ್ಟು ಹಾಕಿ 2005ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೊಳೆಯ ಹರಿವು ಸರಾಸರಿ 52% ಇಳಿದಿತ್ತು. 13% ಹೊಳೆಗಳು ಕನಿಷ್ಠ ಒಂದು ವರ್ಷ ಪೂರ್ತಿ ಬತ್ತಿದ್ದವು. ದಕ್ಷಿಣ ಆಫ್ರಿಕಾದಲ್ಲಂತೂ ಹೊರಗಿನಿಂದ ತಂದ ವಾಟಲ್, ಪೈನ್, ನೀಲಗಿರಿಗಳನ್ನು ಹೊಳೆಯಂಚಿನಿಂದ ಕಡಿದು ತೆಗೆಯಲಿಕ್ಕೆಂದೇ 1995ರಲ್ಲಿ ‘ವರ್ಕಿಂಗ್ ಫಾರ್ ವಾಟರ್’ ಅನ್ನೋ ಸರ್ಕಾರಿ ಕಾರ್ಯಕ್ರಮ ಶುರುವಾಯಿತು. ಮರ ಕಡಿಯುವುದೇ ಪರಿಸರದ ಕೆಲಸ! ಓದಿದಾಗ ನನಗೂ ವಿಚಿತ್ರ ಅನ್ನಿಸಿತ್ತು.

ಕಾರಣ ಸರಳ. ಎಲೆ ತನ್ನ ರಂಧ್ರ ತೆರೆದರೇ ಡೈಆಕ್ಸೈಡ್ ಒಳಗೆ ಬರೋದು. ತೆರೆದ ಬಾಗಿಲಿಂದ ನೀರು ಆವಿಯಾಗಿ ಹೊರಗೆ ಹೋಗೇ ಹೋಗುತ್ತೆ. ಒಂದು ಕಿಲೋ ಮರಕ್ಕೆ ಇಷ್ಟು ನೀರು ಅಂತ ಲೆಕ್ಕ ಹಾಕಿದರೆ ನೀಲಗಿರಿ ದುಂದುಗಾರನೇನಲ್ಲ, ಜಿಪುಣನೇ. ಆದರೆ ಅದು ಮಾಡುವ ಕಿಲೋಗಳೇ ಜಾಸ್ತಿ. ಮೇಲಾಗಿ ವರ್ಷವಿಡೀ ಎಲೆ, ಆಳದ ಬೇರು. ಹುಲ್ಲು ಒಣಗಿ ಮಲಗಿದ ತಿಂಗಳುಗಳಲ್ಲೂ ಅದು ಕೆಲಸ ನಿಲ್ಲಿಸಲ್ಲ.

ಈಗ ಇದೇ ನಾಣ್ಯದ ಇನ್ನೊಂದು ಮುಖ ನೋಡಿ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಗೋಧಿಗಾಗಿ ಮರ ಕಡಿದು ನೆಲ ಬಯಲು ಮಾಡಿದರು. ಆಳದ ಬೇರುಗಳು ಹೋದವು, ಕುಡಿಯುವವರಿಲ್ಲದೆ ಅಂತರ್ಜಲ ಮೇಲೆದ್ದಿತು, ತನ್ನ ಜೊತೆ ಮಣ್ಣಾಳದ ಉಪ್ಪನ್ನೂ ತಂದಿತು. ಹೊಲಗಳು ಚೌಳಾದವು. ಇದನ್ನು ಮೊದಲು ವಿವರಿಸಿ 1924ರಲ್ಲಿ ಬರೆದವರು ಡಬ್ಲ್ಯೂ. ಇ. ವುಡ್, ಕೃಷಿ ವಿಜ್ಞಾನಿಯಲ್ಲ, ರೈಲ್ವೆ ಎಂಜಿನಿಯರ್. ಉಗಿಬಂಡಿಗೆ ನೀರು ಹಿಡಿಯುವ ಜಾಗದ ಸುತ್ತ ಮರ ಕಡಿದ ಮೇಲೆ ನೀರು ಉಪ್ಪಾಗಿದ್ದನ್ನು ಗಮನಿಸಿದವರು. ಅಂಥ ಕಡೆ ಈಗ ಬಾಯಾರಿದ ಮರಗಳೇ ಬೇಕು. ಜೌಗು ಹಿಡಿದ ಕಾಲುವೆ ಪಕ್ಕದ ನೆಲಕ್ಕೂ ಅಷ್ಟೆ.

ಹಾಗಾಗಿ ‘ನೀರು ಕುಡಿಯುತ್ತಾ?’ ಅಂತ ಕೇಳಬೇಡಿ. ಕುಡಿಯುತ್ತೆ. ನಿಮ್ಮಲ್ಲಿ ಕುಡಿಸಲು ನೀರು ಹೆಚ್ಚಾಗಿದೆಯಾ, ಕಡಿಮೆಯಿದೆಯಾ, ಅದನ್ನು ಹೇಳಿ.

ಬರಡುನೆಲ:

ಕಡಿಮೆ ಮೇಡಂ. ಮಳೆ ಬಂದಾಗ ಧೋ ಅಂತ ಬರುತ್ತೆ, ಅರ್ಧ ಗಂಟೆಯಲ್ಲಿ ಕೆಂಪಗೆ ಹರಿದು ಕೆಳಗೆ ಹೋಗಿಬಿಡುತ್ತೆ. ಮೂರನೇ ದಿನ ನೆಲ ಮತ್ತೆ ಕಲ್ಲು. ಹಾಗಾದರೆ ಮರವೇ ಬೇಡವಾ?

ಒರತೆ:

ಅಯ್ಯೋ, ಬೇಕು. ನಿಮ್ಮಲ್ಲಿ ಮಳೆ ಒಳಗೇ ಇಳೀತಿಲ್ಲ, ಅದೇ ತೊಂದರೆ. ಬೇರು ಮಣ್ಣನ್ನು ಸೀಳಿ, ತರಗೆಲೆ ಬಿದ್ದು, ಎರೆಹುಳು ಗೆದ್ದಲು ಓಡಾಡಿದರೆ ನೀರು ಇಳಿಯಲು ದಾರಿ ಆಗುತ್ತೆ. ಮರ ಕುಡಿಯುವುದಕ್ಕಿಂತ ಇಳಿಸುವುದು ಜಾಸ್ತಿಯಾದರೆ ನಿಮಗೆ ಲಾಭ. ಬುರ್ಕಿನಾ ಫಾಸೊದಲ್ಲಿ ಇದನ್ನೇ ಅಳೆದು 2016ರಲ್ಲಿ ಪ್ರಕಟಿಸಿದ್ದಾರೆ: ಮರವೇ ಇಲ್ಲದ ಬಯಲಿಗಿಂತಲೂ, ಒತ್ತೊತ್ತಾಗಿ ಮರ ಇರೋ ಕಡೆಗಿಂತಲೂ, ನಡುವೆ ಜಾಗ ಬಿಟ್ಟು ಮರ ಇರೋ ಕಡೆ ಅಂತರ್ಜಲ ಹೆಚ್ಚು ತುಂಬುತ್ತೆ. ಅದೂ ನಿಮ್ಮ ಹಾಗೇ ಮಳೆಗಾಲ ಬೇಸಿಗೆ ಕಟ್ಟುನಿಟ್ಟಾಗಿ ಬೇರೆ ಇರೋ ಪ್ರದೇಶ.

ನೆಡುವ ಮೊದಲು ಇಳಿಜಾರಿಗೆ ಅಡ್ಡವಾಗಿ ಸಮಪಾತಳಿ ಬದು ಹಾಕಿ, ಬದುವಿನ ಮೇಲ್ಗಡೆ ಕಂದಕ ತೋಡಿ. ಮೊದಲ ಮಳೆಗಾಲಕ್ಕೆ ಅದೇ ನಿಮ್ಮ ಮರ.

ತಲೆಹರಟೆ:

ಗುರುಗಳೇ, ಬಳ್ಳಾರಿ ಜಾಲಿ ಹಾಕಿ. ನೀರು ಬೇಡ, ಗೊಬ್ಬರ ಬೇಡ, ನೀವೂ ಬೇಡ. ಐದು ವರ್ಷಕ್ಕೆ ನಿಮ್ಮ ನೆಲದೊಳಗೆ ನೀವೇ ಕಾಲಿಡೋಕಾಗಲ್ಲ, ಸಂಪೂರ್ಣ ಸಂರಕ್ಷಿತ ಅರಣ್ಯ 😄

ಚಿಟ್ಟೆಹಿಂದೆ:

ನಗೋ ವಿಷಯವಲ್ಲ, ಅದನ್ನೂ ಇದೇ ‘ಬೇಗ ಬೆಳೆಯುತ್ತೆ, ಬರಡು ಹಸಿರಾಗುತ್ತೆ’ ಅನ್ನೋ ಮಾತಿನ ಮೇಲೇ ದೇಶ ದೇಶಗಳಿಗೆ ಒಯ್ದದ್ದು. ಕೆನ್ಯಾದ ಬರಿಂಗೊ ಕೆರೆ ಸುತ್ತ ನೆಟ್ಟರು. ಅದು ಹುಲ್ಲುಗಾವಲನ್ನೇ ನುಂಗಿತು. ಅದರ ಸಿಹಿ ಕಾಯಿ ತಿಂದು ತಿಂದು ಮೇಕೆಗಳ ಹಲ್ಲು ಉದುರಿದವು. ಅಲ್ಲಿನ ದನಗಾಹಿಗಳು ನ್ಯಾಯಾಲಯಕ್ಕೆ ಹೋದಾಗ ಸಾಕ್ಷಿಗೆ ಹಲ್ಲಿಲ್ಲದ ಮೇಕೆಯನ್ನೇ ಕರೆದುಕೊಂಡು ಹೋಗಿದ್ದರು.

ಸುಬಾಬುಲ್ ಕಥೆಯೂ ಅದೇ. ಪವಾಡದ ಮರ ಅಂತ ಹೊಗಳಿ ಹಂಚಿದರು. ಮೇವು, ಸೌದೆ, ಗೊಬ್ಬರ ಎಲ್ಲ ಕೊಡುತ್ತೆ, ಸುಳ್ಳಲ್ಲ. ಆದರೆ ಈಗ ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಬೇಗ ಬೆಳೆಯೋದು, ಬೇಗ ಬೀಜ ಕಟ್ಟೋದು, ಎಲ್ಲಿ ಬಿದ್ದರೂ ಮೊಳೆಯೋದು, ಈ ಮೂರು ಗುಣ ಒಟ್ಟೊಟ್ಟಿಗೇ ಬರುತ್ತವೆ. ನಿಮಗೆ ಮೊದಲನೆಯದು ಮಾತ್ರ ಬೇಕು ಅಂದರೆ ಮರ ಕೇಳಲ್ಲ.

ಸಸಿಮಡಿ:

ಸುಬಾಬುಲ್ ವಿಷಯ ನನ್ನನ್ನು ಕೇಳಿ. ಬೇಲಿ ಅಂಚಿಗೆ ಒಂದು ಸಾಲು ಹಾಕಿದ್ದೆ, ಹನ್ನೆರಡು ವರ್ಷದ ಹಿಂದೆ. ಇವತ್ತಿಗೂ ಕೀಳ್ತಾ ಇದ್ದೀನಿ. ಮೊಣಕಾಲೆತ್ತರ ಬರೋಷ್ಟರಲ್ಲಿ ತಾಯಿಬೇರು ಅದರ ಎರಡರಷ್ಟು ಇಳಿದಿರುತ್ತೆ, ಕತ್ತರಿಸಿದರೆ ನಾಲ್ಕು ಕವಲಾಗಿ ಬರುತ್ತೆ.

ನೆರಳುಬೇಕು:

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದು ಎರಡು ಎಕರೆ ಅಲ್ಲ, ಮನೆ ಮುಂದಿನ ಆರಡಿ ಜಾಗ. ಬೇಗ ನೆರಳು ಕೊಡೋ ಮರ ಹಾಕಿದರೆ ಬಿಸಿ ಕಡಿಮೆಯಾಗುತ್ತಾ, ಬರೀ ಭ್ರಮೆನಾ?

ಲೆಕ್ಕದಪಟ್ಟಿ:

ಭ್ರಮೆ ಅಲ್ಲ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2.45 ಮೆಗಾಜೂಲ್ ಶಾಖ ಬೇಕು. ಚೆನ್ನಾಗಿ ನೀರು ಸಿಕ್ಕ ದೊಡ್ಡ ಮರ ದಿನಕ್ಕೆ 100 ಲೀಟರ್ ಆವಿ ಬಿಟ್ಟರೆ ಸುತ್ತಲಿಂದ 245 ಮೆಗಾಜೂಲ್, ಅಂದರೆ 68 ಯೂನಿಟ್ ವಿದ್ಯುತ್ತಿನಷ್ಟು ಶಾಖ ತೆಗೆದ ಹಾಗೆ. ಒಂದೂವರೆ ಕಿಲೋವಾಟ್ ಎ.ಸಿ. 45 ಗಂಟೆ ಓಡಿದಂತೆ!

ಒರತೆ:

ಎ.ಸಿ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ ಹೊರಹಾಕುತ್ತೆ ಸಾರ್. 45 ಅಲ್ಲ, 15 ಗಂಟೆ.

ಲೆಕ್ಕದಪಟ್ಟಿ:

ಇವತ್ತು ನನ್ನ ದಿನವಲ್ಲ.

ಹಳೇಬೇರು:

ನೆರಳುಬೇಕು ಅವರಿಗೆ ಎರಡು ಎಚ್ಚರಿಕೆ. ಬೇಗ ಬೆಳೆದ ಮರದ ಕಟ್ಟಿಗೆ ಸಾಮಾನ್ಯವಾಗಿ ಹಗುರ, ಪೊಳ್ಳು. ಬಿರುಗಾಳಿಗೆ ಕೊಂಬೆ ಸೀಳಿ ಬೀಳುತ್ತೆ. ಮನೆಗೂ ತಂತಿಗೂ ಹತ್ತಿರ ಬೇಡ. ಇನ್ನೊಂದು, ನೀಲಗಿರಿ, ಪಾಪ್ಲರ್, ವಿಲ್ಲೋ ತರಹದ ಮರಗಳು ಬಿಸಿಲಲ್ಲಿ ಐಸೊಪ್ರೀನ್ ಅನ್ನೋ ಆವಿ ಬಿಡುತ್ತವೆ. ಕಾಡಲ್ಲಿ ತೊಂದರೆಯಿಲ್ಲ. ವಾಹನದ ಹೊಗೆಯ ಜೊತೆ ಸೇರಿದರೆ ನೆಲಮಟ್ಟದಲ್ಲಿ ಓಝೋನ್ ಹುಟ್ಟುತ್ತೆ, ಉಸಿರಿಗೆ ಕೆಡುಕು. ಆರಡಿ ಜಾಗಕ್ಕೆ ಹೊಂಗೆ ಸಾಕು. ಮಧ್ಯಮ ವೇಗ, ಗಟ್ಟಿ ಕೊಂಬೆ, ಒಳ್ಳೇ ನೆರಳು.

ಬರಡುನೆಲ:

ಎಲ್ಲ ಓದಿ ಒಂದು ತೀರ್ಮಾನಕ್ಕೆ ಬಂದಿದ್ದೀನಿ. ನೀಲಗಿರಿ ಬೇಡ, ಸುಬಾಬುಲ್ ಬೇಡ. ಹೆಬ್ಬೇವು ನಮ್ಮದೇ ಜಾತಿ, ಬೇಗವೂ ಬೆಳೆಯುತ್ತೆ. ಮೂರು ಮೀಟರಿಗೆ ಒಂದರಂತೆ ಎಕರೆಗೆ 450, ಒಟ್ಟು 900 ಸಸಿ. ಸಾಲಾಗಿ, ನೀಟಾಗಿ. ಕಡಿಯಲ್ಲ. ಇನ್ನು ಯಾರೂ ಬೈಯಲ್ಲ ಅಲ್ವಾ?

ಚಿಟ್ಟೆಹಿಂದೆ:

ಬೈತೀವಿ. 900ಕ್ಕೂ ಒಂದೇ ಜಾತಿ?

ನಮ್ಮದೇ ಮರವಾದರೂ ಒಂದೇ ಜಾತಿ ಹಾಕಿದರೆ ಹುಳುವಿಗೆ ಎಲೆ ಹಾಸಿ ಬಡಿಸಿದ ಹಾಗೆ. ಚೀನಾದ ಉತ್ತರದಲ್ಲಿ ಮರಳುಗಾಳಿ ತಡೆಯಲು 1978ರಿಂದ ಗಾಳಿತಡೆ ಕಾಡು ಬೆಳೆಸುತ್ತಿದ್ದಾರೆ. ನಿಂಗ್ಷಿಯಾದಲ್ಲಿ ಬರೀ ಪಾಪ್ಲರ್ ಹಾಕಿದ್ದ ಕಡೆ ಉದ್ದ ಮೀಸೆಯ ಕಾಂಡಕೊರಕ ದುಂಬಿ ಬಿದ್ದು ಕೋಟಿಗಟ್ಟಲೆ ಮರ ಹೋದವು. ಸುಬಾಬುಲ್‌ಗೂ 1980ರ ದಶಕದಲ್ಲಿ ಸಿಲ್ಲಿಡ್ ಅನ್ನೋ ಸಾಸಿವೆ ಗಾತ್ರದ ಜಿಗಿಹುಳು ಅಂಟಿ, ಕೆಲವೇ ವರ್ಷದಲ್ಲಿ ಪೆಸಿಫಿಕ್ ದ್ವೀಪಗಳಿಂದ ಏಷ್ಯಾವರೆಗೆ ತೋಪುಗಳನ್ನು ಬೋಳಿಸಿತು.

ಹಕ್ಕಿ ಬರಬೇಕು ಅಂದಿರಲ್ಲ, ಹಕ್ಕಿಗೆ ವರ್ಷವಿಡೀ ಊಟ ಬೇಕು. ಒಂದೇ ಜಾತಿ ಅಂದರೆ ಒಂದೇ ಹಂಗಾಮಿನ ಹೂವು, ಒಂದೇ ಹಂಗಾಮಿನ ಹಣ್ಣು. ಉಳಿದ ತಿಂಗಳು ಅವು ಬಂದು ಏನು ಮಾಡಬೇಕು?

ತೊಗಟೆ:

ಬೆರೆಸಿದರೆ ಇಂಗಾಲವೂ ಜಾಸ್ತಿ. ಆಗ್ನೇಯ ಚೀನಾದಲ್ಲೇ ದೊಡ್ಡ ಪ್ರಯೋಗ ಮಾಡಿದ್ದಾರೆ. 16 ಜಾತಿ ಬೆರೆಸಿ ನೆಟ್ಟ ತಾಕುಗಳಲ್ಲಿ 8 ವರ್ಷಕ್ಕೆ ಶೇಖರವಾದ ಇಂಗಾಲ, ಒಂದೊಂದೇ ಜಾತಿ ನೆಟ್ಟ ತಾಕುಗಳ ಸರಾಸರಿಯ ಎರಡು ಪಟ್ಟಿಗಿಂತ ಹೆಚ್ಚು (2018, ಸೈನ್ಸ್). ಪ್ರಾಮಾಣಿಕವಾಗಿ ಇದನ್ನೂ ಹೇಳಬೇಕು: ಅಲ್ಲಿನ ಎರಡು ವಾಣಿಜ್ಯ ಜಾತಿಗಳ ಒಂಟಿ ತೋಪಿಗೆ ಹೋಲಿಸಿದರೆ ಹೆಚ್ಚೂಕಡಿಮೆ ಸಮ. ಆದರೆ ಸಮ ಅಂದರೂ ಗೆಲುವೇ. ಅಷ್ಟೇ ಇಂಗಾಲ, ಜೊತೆಗೆ 16 ಬಗೆಯ ಹೂವು ಹಣ್ಣು ಪುಕ್ಕಟೆ.

ಹಳೇಬೇರು:

ಬರಡುನೆಲದವರೇ, ಬೇಸರ ಬೇಡ. ನಾವೂ ದಶಕಗಟ್ಟಲೆ ಇದೇ ನೀಟಾದ ಸಾಲು ಹಾಕಿದವರೇ. ನೀವು ಬೇಗ ಬೆಳೆಯುವ ಮರವನ್ನು ಕಾಡು ಅಂದುಕೊಂಡಿದ್ದೀರಿ. ಅದು ಕಾಡಿಗಿಂತ ಮುಂಚೆ ಬಂದು ಚಪ್ಪರ ಹಾಕುವ ಆಳು. ಬೆಟ್ಟ ಕುಸಿದ ಕಡೆ, ಬೆಂಕಿ ಬಿದ್ದ ಕಡೆ ಮೊದಲು ಬರೋದು ಇಂಥವೇ. ಬಿಸಿಲು ತಡೆದು, ಗಾಳಿ ತಡೆದು, ಎಲೆ ಉದುರಿಸಿ, ಹಕ್ಕಿಗೆ ಕೂರಲು ಕೊಂಬೆ ಕೊಡುತ್ತವೆ. ಕೂತ ಹಕ್ಕಿ ಹಿಕ್ಕೆ ಹಾಕುತ್ತೆ, ಹಿಕ್ಕೆಯಲ್ಲಿ ಬೀಜ. ಆ ನೆರಳಲ್ಲಿ ನಿಧಾನದ ಮರಗಳು ಹುಟ್ಟಿ, ಕೊನೆಗೆ ಚಪ್ಪರದವರನ್ನೇ ಹೊರಗೆ ತಳ್ಳುತ್ತವೆ.

ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡಿನಲ್ಲಿ ಇದನ್ನೇ ಜಾಣತನದಿಂದ ಮಾಡಿ ನೋಡಿದ್ದಾರೆ. ಸ್ಥಳೀಯ ಸಸಿಗಳ ನಡುವೆ ನೀಲಗಿರಿ ಸಾಲು ಹಾಕಿ, ಐದು ವರ್ಷದ ಹೊತ್ತಿಗೆ ನೀಲಗಿರಿಯನ್ನು ಮಾತ್ರ ಕಡಿದು ಮಾರಿದರು. ಕಾಡು ಎಬ್ಬಿಸುವ ಖರ್ಚಿನಲ್ಲಿ 44ರಿಂದ 75% ಆ ಕಟ್ಟಿಗೆಯಿಂದಲೇ ಬಂತು. ಕಡಿದ ಮೇಲೆ ಉಳಿದ ಸಸಿಗಳು ಚೆನ್ನಾಗೇ ಎದ್ದವು. ಎಲ್ಲರೂ ಬೈಯುವ ಮರವೇ ಅಲ್ಲಿ ದಾದಿ.

ಹಾಗಂತ ಎಲ್ಲ ನೆಲಕ್ಕೂ ಮರ ಅಂದುಕೊಳ್ಳಬೇಡಿ. ಉತ್ತರ ಸ್ಕಾಟ್ಲೆಂಡಿನ ಫ್ಲೋ ಕಂಟ್ರಿಯಲ್ಲಿ 1980ರ ದಶಕದಲ್ಲಿ ತೆರಿಗೆ ಉಳಿಸಲು ಹಣವಂತರು ಜೌಗು ಪೀಟ್ ನೆಲ (ಪೂರ್ತಿ ಕೊಳೆಯದ ಸಸ್ಯಗಳು ಪದರ ಪದರವಾಗಿ ಕೂತ ನೆಲ) ಬಸಿದು ಬೇಗ ಬೆಳೆಯುವ ಸೂಜಿಯೆಲೆ ಮರ ಹಾಕಿಸಿದರು. ಸಾವಿರಾರು ವರ್ಷದಿಂದ ಪೀಟ್‌ನಲ್ಲಿ ಮಲಗಿದ್ದ ಇಂಗಾಲ ಒಣಗಿ ಗಾಳಿಗೆ ಹೋಗತೊಡಗಿತು. 1988ರಲ್ಲಿ ತೆರಿಗೆ ವಿನಾಯಿತಿ ನಿಂತಿತು. ಈಗ ಆ ಮರಗಳನ್ನು ಕಡಿದು ಕಾಲುವೆ ಮುಚ್ಚಿ ಜೌಗನ್ನು ವಾಪಸ್ ತರುತ್ತಿದ್ದಾರೆ. ನಿಮ್ಮದು ಕೊಚ್ಚಿಹೋದ ಗಟ್ಟಿ ನೆಲ, ಕಳೆದುಕೊಳ್ಳಲು ಅಲ್ಲೇನೂ ಉಳಿದಿಲ್ಲ. ಬೇಗ ಬೆಳೆಯುವ ಮರದಿಂದ ಹೆಚ್ಚು ಲಾಭ ಆಗೋದು ಇಂಥ ಕಡೆಯೇ.

ಬರಡುನೆಲ:

ಸಾರ್, ಕಣ್ಣು ತೆರೀತು. ಹಾಗಾದರೆ ಚಪ್ಪರಕ್ಕೆ ಯಾವುದು, ಒಳಗೆ ಯಾವುದು? ಹೆಸರು ಹೇಳಿ.

ಸಸಿಮಡಿ:

ಇದು ನನ್ನ ಕೆಲಸ. ಇಪ್ಪತ್ತು ವರ್ಷದಿಂದ ಸಸಿ ಮಾಡ್ತಿದ್ದೀನಿ, ಮಾರೋದಕ್ಕಿಂತ ಸತ್ತ ಕಥೆ ಕೇಳಿದ್ದೇ ಹೆಚ್ಚು.

ಚಪ್ಪರಕ್ಕೆ ಗ್ಲಿರಿಸಿಡಿಯಾ, ನಮ್ಮ ಕಡೆ ಗೊಬ್ಬರದ ಗಿಡ ಅಂತೀವಿ. ಅದೂ ಹೊರಗಿನದೇ, ಆದರೆ ವರ್ಷಕ್ಕೆ ಎರಡು ಸಲ ಸವರಿದರೆ ಬೀಜಕ್ಕೆ ಬರಲ್ಲ, ಹಿಡಿತದಲ್ಲಿರುತ್ತೆ. ಬೇರಿನ ಗಂಟಿನಲ್ಲಿ ಸಾರಜನಕ ಹಿಡಿಯುತ್ತೆ. ಸವರಿದ ಸೊಪ್ಪನ್ನು ಅಲ್ಲೇ ಬುಡಕ್ಕೆ ಹಾಕಿ, ನಿಮ್ಮ ಗಟ್ಟಿ ನೆಲಕ್ಕೆ ಅದೇ ಔಷಧಿ. ಹಾಲುವಾಣವೂ ಸಾರಜನಕದ್ದೇ, ಹೂವಿಗೆ ಹಕ್ಕಿಗಳು ಮುಗಿಬೀಳುತ್ತವೆ. ಎರಡಕ್ಕೂ ಸಸಿ ಬೇಡ, ಗೂಟ ನೆಟ್ಟರೆ ಸಾಕು. ಗಾಳಿ ಬರೋ ದಿಕ್ಕಿಗೆ ಗಾಳಿಮರ ಎರಡು ಸಾಲು. ಸಾರಜನಕ ಹಿಡಿಯಲು ಅದರ ಬೇರಿಗೆ ಫ್ರಾಂಕಿಯಾ ಅನ್ನೋ ಸೂಕ್ಷ್ಮಜೀವಿ ಬೇಕು. ಹಳೇ ಗಾಳಿಮರದ ಬುಡದ ಮಣ್ಣು ಒಂದು ಬೊಗಸೆ ತಂದು ಗುಂಡಿಗೆ ಹಾಕಿ, ವ್ಯತ್ಯಾಸ ನೀವೇ ನೋಡ್ತೀರಿ.

ಗಾಳಿತಡೆ ಗೋಡೆಯ ಹಾಗೆ ದಟ್ಟ ಇರಬಾರದು. ಅರ್ಧ ಗಾಳಿ ತೂರಿ ಹೋಗಬೇಕು, ಇಲ್ಲದಿದ್ದರೆ ಮೇಲಿಂದ ಹಾರಿ ಆಚೆ ಸುಳಿಯಾಗಿ ಬೀಳುತ್ತೆ. ಸರಿಯಾಗಿದ್ದರೆ ಮರದ ಎತ್ತರದ ಹತ್ತು ಪಟ್ಟು ದೂರದವರೆಗೂ ಗಾಳಿ ಮೆತ್ತಗಾಗುತ್ತೆ. ಅಮೆರಿಕದಲ್ಲಿ ಧೂಳುಬಿರುಗಾಳಿ ಹೊಲಗಳನ್ನೇ ಹಾರಿಸಿಕೊಂಡು ಹೋದಾಗ 1934ರಿಂದ 1942ರವರೆಗೆ 22 ಕೋಟಿ ಮರ ಹೀಗೆ ಸಾಲು ಸಾಲಾಗಿ ನೆಟ್ಟರು, ಬೇಗ ಏಳೋ ಜಾತಿಗಳನ್ನೂ ಬೆರೆಸಿ.

ಒಳಗೆ ಬೂರುಗ, ಹೆಬ್ಬೇವು ಚೆದುರಿದಂತೆ. ನೀರು ನಿಲ್ಲೋ ತಗ್ಗಿದ್ದರೆ ಕದಂಬ. ಅವುಗಳ ನಡುವೆ ನಿಧಾನದವು: ಹೊಂಗೆ, ಬೇವು, ನೇರಳೆ, ಹಿಪ್ಪೆ, ಮತ್ತಿ. ಮೂಲೆಗಳಲ್ಲಿ ಅತ್ತಿ, ಆಲದ ಕೊಂಬೆ.

ಕೊನೆಗೆ ಎಲ್ಲರೂ ಮರೆಯೋ ಮಾತು. ಎತ್ತರದ ಸಸಿ ತರಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಎರಡು ವರ್ಷ ಕೂತ ಸಸಿಯ ಬೇರು ತಳದಲ್ಲಿ ಸಿಂಬೆ ಸುತ್ತಿರುತ್ತೆ. ನೆಟ್ಟ ಮೇಲೂ ಆ ಸಿಂಬೆ ಬಿಚ್ಚಲ್ಲ. ಬೇಗ ಬೆಳೆಯುವ ಜಾತಿಯಲ್ಲಿ ಮೇಲಿನ ಭಾರ ಬೇಗ ಏರುತ್ತೆ, ನಾಲ್ಕನೇ ವರ್ಷದ ಗಾಳಿಗೆ ಮರ ಬುಡಸಮೇತ ಮಲಗುತ್ತೆ. ಒಂದಡಿ ಒಂದೂವರೆ ಅಡಿಯ ಎಳೇ ಸಸಿ ತನ್ನಿ, ಚೀಲ ಕೊಯ್ದು ಬೇರು ನೋಡಿ ತನ್ನಿ. ಮಾರುವವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ತಲೆಹರಟೆ:

ಸಸಿ ಮಾರೋರೇ ಹೀಗೆ ಹೇಳಿದರೆ ವ್ಯಾಪಾರ ಹೇಗೆ ನಡೆಯುತ್ತಣ್ಣ?

ಸಸಿಮಡಿ:

ನಡೆಯಲ್ಲ, ಅದಕ್ಕೇ ಇಲ್ಲಿ ಕೂತು ಬರೀತಿದ್ದೀನಿ.

ಹಳೇಬೇರು:

ಗ್ಲಿರಿಸಿಡಿಯಾ ಎತ್ತರ ಅಳೆದು ಖುಷಿಪಡಬೇಡಿ, ಅದು ಹೇಗೂ ಬೆಳೆಯುತ್ತೆ. ಎರಡನೇ ಮಳೆಗಾಲ ಮುಗಿದ ಮೇಲೆ ಬಗ್ಗಿ ನೆಲ ನೋಡಿ. ನೀವು ನೆಡದ ಗಿಡ ಎಷ್ಟು ಹುಟ್ಟಿವೆ ಅಂತ ಎಣಿಸಿ ಇಲ್ಲಿ ಬರೆಯಿರಿ.

ಬರಡುನೆಲ (ಹದಿನಾರು ತಿಂಗಳ ನಂತರ):

ಎಲ್ಲರೂ ಇದ್ದೀರಾ? ವರದಿ ಒಪ್ಪಿಸಲು ಬಂದೆ.

ಬದು, ಕಂದಕ ಮೊದಲೇ ಮಾಡಿಸಿದ್ದೆ. ನೆಟ್ಟದ್ದು 610, ಗೂಟಗಳೂ ಸೇರಿ. ಇವತ್ತಿಗೆ ಬದುಕಿರೋದು 433. ಮೊದಲ ಬೇಸಿಗೆಯಲ್ಲಿ ನೇರಳೆ, ಹಿಪ್ಪೆ ಬಹಳ ಹೋದವು, ಆಗ ಚಪ್ಪರ ಇನ್ನೂ ಆಗಿರಲಿಲ್ಲ. ಮತ್ತಿ ಒಂದೂ ಉಳಿದಿಲ್ಲ. ಗ್ಲಿರಿಸಿಡಿಯಾ ನನ್ನ ಎರಡರಷ್ಟಿದೆ, ಮೂರು ಸಲ ಸವರಿದೆ. ಸೊಪ್ಪು ಹಾಕಿದ ಕಡೆ ಈಗ ಗುದ್ದಲಿ ಠಣ್ ಅನ್ನಲ್ಲ, ಒಂದು ಗೇಣು ಸದ್ದಿಲ್ಲದೆ ಇಳಿಯುತ್ತೆ. ಕಂದಕದಲ್ಲಿ ಮಳೆ ನೀರು ನಾಲ್ಕು ದಿನ ನಿಂತಿತ್ತು. ಗಾಳಿಮರದಲ್ಲಿ ಬುಡದ ಮಣ್ಣು ಹಾಕಿದ ಸಾಲು ಹಾಕದ ಸಾಲಿಗಿಂತ ಮೊಳದಷ್ಟು ಎತ್ತರ.

ಹಳೇಬೇರು ಸಾರ್ ಹೇಳಿದಂತೆ ಮೊನ್ನೆ ಮಂಡಿಯೂರಿ ಎಣಿಸಿದೆ. ನಾನು ನೆಡದ ಗಿಡ 11. ಕುಣಿದುಬಿಟ್ಟೆ. ಆಮೇಲೆ ಫೋಟೋ ತೆಗೆದು ಸಸಿಮಡಿಯವರಿಗೆ ಕಳಿಸಿದೆ. ಅದರಲ್ಲಿ 7 ಸುಬಾಬುಲ್ ಅಂತೆ! ಪಕ್ಕದ ಬೇಲಿಯಿಂದ ಬಂದಿರಬೇಕು. ಉಳಿದ ನಾಲ್ಕರಲ್ಲಿ ಎರಡು ಬೇವು, ಒಂದು ಯಾವುದೋ ಅತ್ತಿ ಜಾತಿ, ಎಲ್ಲ ಹಾಲುವಾಣದ ಕೆಳಗೇ. ಇನ್ನೊಂದು ಯಾರಿಗೂ ಗೊತ್ತಾಗ್ತಿಲ್ಲ. ಎದುರುಬದುರು ಎಲೆ, ಎಳೇ ಚಿಗುರು ತಾಮ್ರದ ಬಣ್ಣ.

ಸಸಿಮಡಿ:

ಆ ಏಳನ್ನು ಇವತ್ತೇ ಕೀಳಿ, ನಾಳೆ ಅನ್ನಬೇಡಿ. ನೆಲ ಹಸಿ ಇದ್ದಾಗ ಬೇರುಸಮೇತ ಬರುತ್ತೆ.

ಚಿಟ್ಟೆಹಿಂದೆ:

ಗೊತ್ತಾಗದ ಗಿಡದ ಎಲೆಯ ಹಿಂಭಾಗ, ತೊಟ್ಟಿನ ಬುಡ ಎರಡರದ್ದೂ ಫೋಟೋ ಹಾಕಿ. ಎಲೆ ಹಿಸುಕಿದರೆ ವಾಸನೆ ಇದೆಯಾ?

ಹಳೇಬೇರು:

ಅದನ್ನು ಕಿತ್ತು ಬೇರೆ ಕಡೆ ನೆಡುವ ಆಸೆ ಬಂದರೆ ತಡೆದುಕೊಳ್ಳಿ, ಅಲ್ಲೇ ಇರಲಿ. ಅದರ ಪೂರ್ವಕ್ಕಿರುವ ಗ್ಲಿರಿಸಿಡಿಯಾ ಮಾತ್ರ ಈ ಸಲ ಸ್ವಲ್ಪ ಜಾಸ್ತಿ ಸವರಿ, ಬೆಳಗಿನ ಬಿಸಿಲು ಬೀಳಲಿ. ಪಶ್ಚಿಮದ್ದನ್ನು ಮುಟ್ಟಬೇಡಿ.

ಬರಡುನೆಲ:

ಸರಿ ಸಾರ್. ವಾಸನೆ ಇದೆ ಮೇಡಂ, ಹಸಿ ಮಾವಿನಕಾಯಿ ಹಾಗೆ. ಫೋಟೋ ಸಂಜೆ ಹಾಕ್ತೀನಿ, ಈಗ ಬಿಸಿಲಿಗೆ ಎಲೆ ಜೋಲುಬಿದ್ದಿದೆ.